ಮಳೆಯ ಚಾರಣಕ್ಕೆ ಒಬ್ಬರ ಹಗುರ ಟೆಂಟ್: 23 ರಾತ್ರಿಗಳ ಬಳಿಕ

ಒಬ್ಬರೇ ಮಲಗಬಹುದಾದ, ಬೆನ್ನುಚೀಲದಲ್ಲಿ ಹೊತ್ತು ನಡೆಯಲೆಂದೇ ಮಾಡಿದ ಹಗುರ ಟೆಂಟೊಂದನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಈವರೆಗೆ ಅದರಲ್ಲಿ 23 ರಾತ್ರಿ ಮಲಗಿದ್ದೇನೆ, ಅವುಗಳಲ್ಲಿ 14 ರಾತ್ರಿ ಮಳೆ ಸುರಿದಿತ್ತು. ಒಮ್ಮೆಯಂತೂ ನಾಲ್ಕು ದಿನ ಬಿಡದೆ ಮಳೆ ಹಿಡಿದು, ಮೊದಲ ಸಂಜೆ ನೆನೆದ ಟೆಂಟು ಮನೆ ಸೇರಿದ ಮೇಲಷ್ಟೇ ಒಣಗಿತು. ಒಣಹವೆಯಲ್ಲಿ ಯಾವ ಟೆಂಟಾದರೂ ಒಳ್ಳೆಯದೆಂದೇ ತೋರುವುದರಿಂದ, ಇಲ್ಲಿ ಆ 14 ರಾತ್ರಿಗಳ ವಿಚಾರವನ್ನೇ ಮುಖ್ಯವಾಗಿ ಬರೆಯುತ್ತೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ವಿನ್ಯಾಸದ, ಇದೇ ಬಗೆಯ ಬಟ್ಟೆಯ ಟೆಂಟುಗಳನ್ನು ಹಲವರು ತಯಾರಿಸುತ್ತಾರೆ, ಮತ್ತು ನಾನು ಕಂಡ ಗುಣದೋಷಗಳಲ್ಲಿ ಹೆಚ್ಚಿನವು ಆ ವಿನ್ಯಾಸಕ್ಕೂ ಬಟ್ಟೆಗೂ ಸೇರಿದವು.

ಇದು ಎರಡು ಪದರದ ಟೆಂಟು. ಹೊರಪದರ 20 ಡೆನಿಯರ್ ನೈಲಾನಿನದು, ಅಂದರೆ ಅದರ ನೂಲು 9,000 ಮೀಟರ್ ಉದ್ದಕ್ಕೆ ಕೇವಲ 20 ಗ್ರಾಂ ತೂಗುವಷ್ಟು ಸಪೂರ. ಬಟ್ಟೆಯ ಎರಡೂ ಮೈಗೆ ಸಿಲಿಕೋನ್ ಲೇಪವಿದೆ. ಒಳಗೂಡಿನ ಕೆಳಭಾಗ ತೆಳುವಾದ ಬಟ್ಟೆ, ಮೇಲ್ಭಾಗ ಸೊಳ್ಳೆಪರದೆಯಂಥ ಜಾಲರಿ. ನೆಲದ ಬಟ್ಟೆಗೆ ಪಾಲಿಯುರೆಥೇನ್ ಲೇಪವಿದ್ದು, ಅದರ ಅಂಚನ್ನು ಸುತ್ತಲೂ ಸುಮಾರು 15 ಸೆಂಟಿಮೀಟರ್ ಮೇಲಕ್ಕೆತ್ತಿ ತೊಟ್ಟಿಯ ಹಾಗೆ ಹೊಲಿದಿದ್ದಾರೆ. ನಡುವೆ ಅಡ್ಡಲಾಗಿ ಒಂದೇ ಒಂದು ಅಲ್ಯೂಮಿನಿಯಂ ಕೋಲು ಕಮಾನಿನಂತೆ ಬಾಗಿ ಇಡೀ ಟೆಂಟನ್ನು ಹೊರುತ್ತದೆ. ಉಳಿದದ್ದೆಲ್ಲ ಗೂಟ ಮತ್ತು ಹಗ್ಗಗಳ ಬಿಗಿತದ ಮೇಲೆ ನಿಂತಿದೆ.

ತೂಕದ ವಿಚಾರದಲ್ಲಿ ಒಂದು ಎಚ್ಚರಿಕೆ. ಚೀಟಿಯಲ್ಲಿ 1,080 ಗ್ರಾಂ ಎಂದಿತ್ತು. ನನ್ನ ತಕ್ಕಡಿಯಲ್ಲಿ 1,265 ಗ್ರಾಂ ಬಂತು. ಗೂಟ, ಹೆಚ್ಚುವರಿ ಹಗ್ಗ, ಚೀಲಗಳನ್ನು ಬಿಟ್ಟು ಲೆಕ್ಕ ಹಾಕಿದ ಕನಿಷ್ಠ ತೂಕವನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸುವ ರೂಢಿ ಈ ವ್ಯವಹಾರದಲ್ಲಿ ಸಾಮಾನ್ಯವಾಗಿದೆ. ಗೂಟಗಳಿಲ್ಲದೆ ನಿಲ್ಲಲಾರದ ಟೆಂಟಿಗೆ ಗೂಟಗಳನ್ನು ಬಿಟ್ಟು ತೂಕ ಹೇಳುವುದು ನನಗಂತೂ ಸರಿಕಾಣುವುದಿಲ್ಲ.

ಮಳೆಯಲ್ಲೇ ಟೆಂಟು ಹಾಕಬೇಕಾಗಿ ಬಂದಾಗ ಈ ವಿನ್ಯಾಸದ ದೊಡ್ಡ ಅನುಕೂಲ ಅರ್ಥವಾಗುತ್ತದೆ. ಒಳಗೂಡು ಹೊರಪದರಕ್ಕೆ ಸಣ್ಣ ಕೊಕ್ಕೆಗಳಿಂದ ತೂಗುಬಿದ್ದಿರುವುದರಿಂದ ಎರಡೂ ಒಟ್ಟಿಗೆ ಮೇಲೇಳುತ್ತವೆ, ಒಳಭಾಗಕ್ಕೆ ಒಂದು ಹನಿಯೂ ತಾಗುವುದಿಲ್ಲ. ಹಿಂದೆ ನಾನು ಬಳಸುತ್ತಿದ್ದ ಟೆಂಟಿನಲ್ಲಿ ಮೊದಲು ಜಾಲರಿಯ ಒಳಗೂಡನ್ನು ನಿಲ್ಲಿಸಿ, ಅದರ ಮೇಲೆ ಹೊರಪದರವನ್ನು ಹೊದಿಸಬೇಕಿತ್ತು. ಜೋರು ಮಳೆಯಲ್ಲಿ ಆ ಮೂರು ನಿಮಿಷಗಳಲ್ಲೇ ನೆಲದ ಮೇಲೆ ನೀರು ನಿಂತು, ಮಲಗುವ ಮುನ್ನ ಬಟ್ಟೆಯಿಂದ ಒರೆಸಿ ಒರೆಸಿ ಹಿಂಡಬೇಕಾಗುತ್ತಿತ್ತು. ಮಳೆಯಲ್ಲಿ ನಡೆಯುವವರು ಟೆಂಟು ಕೊಳ್ಳುವಾಗ ಬೇರೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನಾನು ನಂಬಿದ್ದೇನೆ: ಹೊರಪದರ ಮೊದಲು ನಿಲ್ಲುತ್ತದೆಯೋ, ಒಳಗೂಡು ಮೊದಲು ನಿಲ್ಲುತ್ತದೆಯೋ?

ಆದರೆ ಗೂಟಗಳನ್ನೇ ನೆಚ್ಚಿದ ಟೆಂಟಿಗೆ ನೆನೆದ ಮಣ್ಣು ಒಳ್ಳೆಯ ಜೊತೆಗಾರನಲ್ಲ. ಜೊತೆಗೆ ಕೊಟ್ಟಿದ್ದ ಸೂಜಿಯಂಥ ತೆಳು ಗೂಟಗಳು ಮೆದುವಾದ ನೆಲದಲ್ಲಿ ಹಗ್ಗ ಬಿಗಿದೊಡನೆ ಎದ್ದು ಬಂದವು. ಅವುಗಳ ಬದಲಿಗೆ ಮೂರು ಅಲಗಿನ ಅಲ್ಯೂಮಿನಿಯಂ ಗೂಟಗಳನ್ನು ತಂದುಕೊಂಡೆ. ಅವು ಮಣ್ಣನ್ನು ಹೆಚ್ಚು ಅಗಲಕ್ಕೆ ಹಿಡಿಯುತ್ತವೆ. ಕಮಾನಿನ ಎರಡೂ ಬದಿಯ ಗೂಟಗಳ ಮೇಲೆ ಕಲ್ಲು ಹೇರುವುದನ್ನೂ ಅಭ್ಯಾಸ ಮಾಡಿಕೊಂಡಿದ್ದೇನೆ, ಏಕೆಂದರೆ ಒಂದೇ ಕೋಲಿನ ಟೆಂಟಿನಲ್ಲಿ ಅಲ್ಲಿನ ಒಂದು ಗೂಟ ಕಿತ್ತರೆ ಅರ್ಧ ಟೆಂಟು ಮೈಮೇಲೆ ಬಂದಂತೆಯೇ. ಬಂಡೆಯ ಮೇಲೆ, ಮರದ ಹಲಗೆಗಳ ಜಗಲಿಯ ಮೇಲೆ ಮಲಗುವ ಯೋಚನೆಯಿದ್ದವರಿಗೆ ಇದು ತಕ್ಕ ಟೆಂಟಲ್ಲ.

ಮಳೆಯನ್ನು ತಡೆಯುವ ಶಕ್ತಿಯನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ: ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಂತರೆ ಅದು ಜಿನುಗಲು ತೊಡಗುತ್ತದೆ ಎಂಬುದೇ ಆ ಅಂಕಿ. ನನ್ನ ಟೆಂಟಿನ ಹೊರಪದರಕ್ಕೆ 1,500 ಎಂದೂ ನೆಲಕ್ಕೆ 3,000 ಎಂದೂ ನಮೂದಿಸಿದ್ದಾರೆ. ಬಿಗಿಯಾಗಿ ಎಳೆದು ನಿಲ್ಲಿಸಿದ ಹೊರಪದರಕ್ಕೆ 1,500 ಸಾಕೇ ಎಂಬ ಅನುಮಾನ ಆರಂಭದಲ್ಲಿ ನನಗಿತ್ತು. ರಾತ್ರಿಯಿಡೀ ಸುರಿದ ಮಳೆಗಳೂ ಬಟ್ಟೆಯನ್ನು ದಾಟಿ ಬರಲಿಲ್ಲವಾದ್ದರಿಂದ ಆ ಅನುಮಾನ ಹೋಯಿತು. ನೆಲದ ಲೆಕ್ಕ ಬೇರೆ. ಒಂದು ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಭಾರ ಬಿದ್ದರೆ ಅದು 1,000 ಮಿಲಿಮೀಟರ್ ನೀರಿನ ಕಂಬದ ಒತ್ತಡಕ್ಕೆ ಸಮ. ಒದ್ದೆ ನೆಲದ ಮೇಲೆ ಮೊಣಕಾಲೂರಿ ಕೂತಾಗ ಅಷ್ಟೇ ಜಾಗದ ಮೇಲೆ ಬೀಳುವ ಭಾರ ಇದರ ಹಲವು ಪಟ್ಟು. ಎರಡು ಬಾರಿ ನನ್ನ ಮೊಣಕಾಲಿನ ಅಡಿಯಲ್ಲಿ ನೆಲ ತೇವವಾಗಿದ್ದು ಹೀಗೆಯೇ. ಮಲಗಿದಾಗ ಭಾರ ಹರಡಿಕೊಳ್ಳುವುದರಿಂದ ಮ್ಯಾಟಿನ ಅಡಿ ಒಣಗಿಯೇ ಉಳಿಯಿತು. ಈಗ ಒಳಗೆ ಹೋದ ಕೂಡಲೇ ಮ್ಯಾಟು ಬಿಡಿಸಿ ಅದರ ಮೇಲೆಯೇ ಕೂರುತ್ತೇನೆ. ಟೆಂಟಿನ ಅಡಿಗೆ ಹಾಸುವ ಹಾಳೆಯನ್ನು ಬಳಸುವವರು ಅದರ ಅಂಚು ಎಲ್ಲಿಯೂ ಹೊರಗೆ ಇಣುಕದಂತೆ ಒಳಕ್ಕೆ ಮಡಚಬೇಕು. ಹೊರಗೆ ಚಾಚಿದ ಅಂಚು ಮೇಲಿನಿಂದ ಇಳಿದ ನೀರನ್ನೆಲ್ಲ ಹಿಡಿದು ನಮ್ಮ ಬೆನ್ನಿನ ಅಡಿಗೇ ತಂದು ನಿಲ್ಲಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹೊರಗಿನ ನೀರಲ್ಲ, ಒಳಗಿನದು. ಮೂರನೆಯ ಮಳೆರಾತ್ರಿ ಮುಖದ ಮೇಲೆ ಸೂಕ್ಷ್ಮವಾದ ತುಂತುರು ಬಿದ್ದಂತಾಗಿ ಎಚ್ಚರವಾಯಿತು. ದೀಪ ಹಚ್ಚಿ ನೋಡಿದರೆ ಹೊರಪದರದ ಒಳಮೈಯಲ್ಲಿ ಎಲ್ಲೆಲ್ಲೂ ಹನಿಗಳು. ಬಟ್ಟೆ ಸೋರುತ್ತಿದೆ ಎಂದೇ ತಿಳಿದು, ಮರಳಿಸುವ ನಿರ್ಧಾರವನ್ನೂ ಮಾಡಿಬಿಟ್ಟಿದ್ದೆ. ಮಾರನೆಯ ರಾತ್ರಿ ಮಳೆ ನಿಂತು ಆಕಾಶ ತಿಳಿಯಾಯಿತು. ಬೆಳಗಾಗುವ ಹೊತ್ತಿಗೆ ಒಳಮೈಯಲ್ಲಿ ಮೊದಲಿಗಿಂತ ಹೆಚ್ಚು ನೀರಿತ್ತು. ಮಳೆಯೇ ಇಲ್ಲದ ರಾತ್ರಿ ಬಟ್ಟೆ ಸೋರಲು ಸಾಧ್ಯವಿಲ್ಲವಷ್ಟೆ! ಮಲಗಿದವರ ಉಸಿರು, ಬೆವರು, ಒದ್ದೆ ಬಟ್ಟೆ, ನೆನೆದ ನೆಲ ಇವುಗಳಿಂದ ಎದ್ದ ತೇವ ತಣ್ಣಗಾದ ಬಟ್ಟೆಯನ್ನು ಮುಟ್ಟಿ ಇಬ್ಬನಿಯಾಗಿತ್ತು. ಮಳೆಯ ರಾತ್ರಿಗಳಲ್ಲಿ ದಪ್ಪ ಹನಿಗಳು ಹೊರಗಿನಿಂದ ಬಡಿದಾಗ ಆ ಇಬ್ಬನಿ ಒಳಕ್ಕೆ ಸಿಡಿದು, ಜಾಲರಿಯನ್ನು ದಾಟಿ ಮುಖಕ್ಕೆ ತಾಗುತ್ತಿತ್ತು. ಹಗುರ ಟೆಂಟುಗಳ ಬಗ್ಗೆ ಕೇಳಿಬರುವ ‘ಸೋರುತ್ತದೆ’ ಎಂಬ ದೂರುಗಳಲ್ಲಿ ಒಂದಷ್ಟು ಪಾಲು ಇದೇ ಇರಬಹುದೆಂದು ನನ್ನ ಊಹೆ. ಗುರುತಿಸುವ ಬಗೆ ಸರಳ: ನೀರು ಹೊಲಿಗೆಯ ಗೆರೆಗುಂಟ ಮಾತ್ರ ಇದ್ದರೆ ಅದು ಸೋರಿಕೆ, ಇಡೀ ಮೈಗೆ ಸಮನಾಗಿ ಹರಡಿದ್ದರೆ ಇಬ್ಬನಿ.

ಆ ತಿಳಿಯಾದ ರಾತ್ರಿಯೇ ಹೆಚ್ಚು ನೀರು ಕಟ್ಟಿದ್ದೇಕೆಂಬುದನ್ನೂ ಹೇಳಬೇಕು, ಏಕೆಂದರೆ ಎಲ್ಲಿ ಟೆಂಟು ಹಾಕಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಮೋಡವಿಲ್ಲದ ಆಕಾಶಕ್ಕೆ ತೆರೆದುಕೊಂಡ ಬಟ್ಟೆ ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಿಂದಿನ ದಿನದ ಮಳೆಯಿಂದ ನೆಲವೂ ಗಾಳಿಯೂ ತೇವದಿಂದ ತುಂಬಿರುತ್ತವೆ. ಮೋಡ ಕವಿದಾಗ ಅಥವಾ ಮರದ ಕೊಂಬೆಗಳು ಮೇಲೆ ಚಾಚಿರುವಾಗ ಬಟ್ಟೆ ಅಷ್ಟು ತಣ್ಣಗಾಗುವುದಿಲ್ಲ. ಹಾಗಾಗಿ ಮಳೆ ಬಿಟ್ಟ ಸಂಜೆ ನಾನು ಬಯಲಿನ ನಡುವೆ, ತಗ್ಗಿನಲ್ಲಿ, ಹೊಳೆಯ ಪಕ್ಕದಲ್ಲಿ ಟೆಂಟು ಹಾಕುವುದನ್ನು ಬಿಟ್ಟಿದ್ದೇನೆ. ಗಟ್ಟಿಮುಟ್ಟಾದ ಮರಗಳಿರುವ, ಒಣಗಿ ಬೀಳುವ ಕೊಂಬೆಗಳಿಲ್ಲದ, ಸ್ವಲ್ಪ ಎತ್ತರದ ಜಾಗ ಹುಡುಕುತ್ತೇನೆ. ಇಷ್ಟರಿಂದಲೇ ಬೆಳಗಿನ ನೀರು ಕಣ್ಣಿಗೆ ಕಾಣುವಷ್ಟು ತಗ್ಗಿತು. ಟೆಂಟಿನ ಎರಡೂ ತುದಿಗಳಲ್ಲಿ ಮೇಲೆ ಗಾಳಿಕಿಂಡಿಗಳಿವೆ, ಅವನ್ನು ಸದಾ ತೆರೆದಿಡುತ್ತೇನೆ. ಎಡೆಬಿಡದೆ ಮಳೆ ಬೀಳುವಾಗ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಂಡಿಗಳ ಪ್ರಯೋಜನ ಅಷ್ಟಕ್ಕಷ್ಟೆ. ಆದರೂ ಮುಚ್ಚಿದ್ದಕ್ಕಿಂತ ತೆರೆದದ್ದು ಮೇಲು. ಒದ್ದೆ ಮಳೆಯಂಗಿಯನ್ನು ಮಾತ್ರ ಒಳಗೆ ತರುವುದೇ ಇಲ್ಲ.

ಎರಡನೆಯ ತೊಂದರೆ ನೈಲಾನಿನದು. ನೈಲಾನ್ ನೀರನ್ನು ಹೀರಿಕೊಂಡು ಉದ್ದವಾಗುತ್ತದೆ. ಸಂಜೆ ತಮಟೆಯ ಚರ್ಮದಂತೆ ಬಿಗಿದಿದ್ದ ಬಟ್ಟೆ ಎರಡು ಗಂಟೆಗಳ ಮಳೆಯ ನಂತರ ಜೋತುಬಿದ್ದು, ಕಾಲಿನ ಬದಿಯಲ್ಲಿ ಒಳಗೂಡಿಗೆ ಅಂಟಿಕೊಳ್ಳುತ್ತದೆ. ಅಲ್ಲಿಗೆ ಎರಡು ಪದರಗಳ ನಡುವಿನ ಅಂತರ ಮಾಯವಾಗುತ್ತದೆ, ಇಬ್ಬನಿ ನೇರವಾಗಿ ಸ್ಲೀಪಿಂಗ್ ಬ್ಯಾಗಿನ ತುದಿಗೆ ಇಳಿಯುತ್ತದೆ. ಗರಿಗಳನ್ನು ತುಂಬಿದ ಸ್ಲೀಪಿಂಗ್ ಬ್ಯಾಗಾದರೆ ನೆನೆದ ಜಾಗದಲ್ಲಿ ಗರಿ ಮುದ್ದೆಯಾಗಿ ಬೆಚ್ಚಗಿನ ಗುಣ ಹೋಗಿಬಿಡುತ್ತದೆ. ಮಲಗುವ ಮುನ್ನ ಒಮ್ಮೆ ಹೊರಗೆ ಹೋಗಿ ಎಲ್ಲ ಹಗ್ಗಗಳನ್ನೂ ಮತ್ತೆ ಬಿಗಿಯುವುದು ಈಗ ನನಗೆ ರೂಢಿಯಾಗಿದೆ. ಈ ಟೆಂಟಿನಲ್ಲಿ ಹಗ್ಗ ಬಿಗಿಯುವ ಪ್ಲಾಸ್ಟಿಕ್ ಹಿಡಿಕೆಗಳು ಬಟ್ಟೆಯ ಅಂಚಿನಲ್ಲೇ ಇರುವುದರಿಂದ ನಾಲ್ಕರಲ್ಲಿ ಎರಡು ಮೂಲೆಗಳನ್ನು ಬಾಗಿಲಿನಿಂದ ಕೈ ಚಾಚಿಯೇ ಬಿಗಿಯಬಹುದು. ಇದನ್ನು ವಿನ್ಯಾಸ ಮಾಡಿದವರು ಮಳೆಯಲ್ಲಿ ಮಲಗಿದ್ದಾರೆಂದು ನನಗೆ ಅನ್ನಿಸಿದ್ದು ಇಲ್ಲಿಯೇ. ಗೂಟದ ಕುಣಿಕೆಗಳಿಗೆ ನಾನೇ ಕಟ್ಟಿದ ಸಣ್ಣ ಎಲಾಸ್ಟಿಕ್ ತುಂಡುಗಳು ಸಡಿಲಾದಷ್ಟನ್ನೂ ತಾವೇ ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಬಟ್ಟೆ ನೀರನ್ನು ಹೆಚ್ಚು ಹೀರುವುದಿಲ್ಲ, ಹೀಗೆ ಜೋಲುವುದೂ ಇಲ್ಲ. ಮತ್ತೊಮ್ಮೆ ಕೊಳ್ಳುವ ಸಂದರ್ಭ ಬಂದರೆ ಸ್ವಲ್ಪ ತೂಕ ಹೆಚ್ಚಾದರೂ ನಾನು ಪಾಲಿಯೆಸ್ಟರನ್ನೇ ಆರಿಸುತ್ತೇನೆ.

ಒಳಗಿನ ಜಾಗ ಒಬ್ಬರಿಗೆ ಸಾಕು. ಕಮಾನಿನ ಅಡಿಯಲ್ಲಿ ಒಂದು ಮೀಟರ್ ಎತ್ತರವಿದ್ದು ನೆಟ್ಟಗೆ ಕೂರಬಹುದು. ಆರಡಿಗಿಂತ ಎತ್ತರದವರ ಕಾಲು ಮಾತ್ರ ತುದಿಯ ಬಟ್ಟೆಗೆ ತಾಗುತ್ತದೆ.

ಬಾಗಿಲಿನ ಮುಂದಿನ ಮುಚ್ಚಿದ ಜಾಗ, ಅಂದರೆ ಟೆಂಟಿನ ಜಗಲಿ, ಬೆನ್ನುಚೀಲ ಮತ್ತು ಬೂಟುಗಳಿಗೆ ಸಾಲುತ್ತದೆ. ಅಲ್ಲಿ ಒಲೆ ಹಚ್ಚುವ ಆಸೆ ಬೇಡ: ತೆಳು ನೈಲಾನಿಗೆ ಬೆಂಕಿ ತಗುಲಲು ಕ್ಷಣ ಸಾಕು, ಮತ್ತು ಮುಚ್ಚಿದ ಜಾಗದಲ್ಲಿ ಕೂಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಈ ಜಗಲಿಯ ಒಂದು ದೋಷವನ್ನು ನಾನು ಕ್ಷಮಿಸಲಾರೆ. ಬಾಗಿಲಿನ ಬಟ್ಟೆ ಇಳಿಜಾರಾಗಿರುವುದರಿಂದ, ಜಿಪ್ಪನ್ನು ಪೂರ್ತಿ ತೆರೆದರೆ ಮಳೆ ನೇರವಾಗಿ ಒಳಗೂಡಿನ ಅಂಚಿಗೇ ಬೀಳುತ್ತದೆ. ಹೊರಜಿಪ್ಪನ್ನು ಅರ್ಧ ಮಾತ್ರ ತೆರೆದು, ಬಗ್ಗಿ ಜಗಲಿಯೊಳಗೆ ಬಂದು, ಅದನ್ನು ಮುಚ್ಚಿದ ಮೇಲೆಯೇ ಒಳಜಿಪ್ಪನ್ನು ತೆಗೆಯಬೇಕು. ರಾತ್ರಿ ಎರಡು ಬಾರಿ ಎದ್ದು ಹೋಗಬೇಕಾದವರಿಗೆ ಇದು ಸಣ್ಣ ತೊಂದರೆಯೇನಲ್ಲ. ಬಾಗಿಲ ಮೇಲೆ ಅಂಗೈಯಗಲದ ಒಂದು ಸೂರನ್ನು ಹೊಲಿದಿದ್ದರೆ ಇದು ನೀಗುತ್ತಿತ್ತು.

ಗಾಳಿಯ ಬಗ್ಗೆ ಹೆಚ್ಚೇನಿಲ್ಲ. ತುದಿಯನ್ನು ಗಾಳಿಗೆ ಎದುರಾಗಿಟ್ಟರೆ ಟೆಂಟು ಸುಮ್ಮನಿರುತ್ತದೆ. ಅಗಲದ ಬದಿ ಸಿಕ್ಕಿದರೆ ಕಮಾನು ಬಾಗುತ್ತದೆ, ಬಟ್ಟೆ ಬಡಿದುಕೊಂಡು ನಿದ್ದೆ ಕೆಡಿಸುತ್ತದೆ.

ಬೆಳಿಗ್ಗೆ ಮಳೆಯಲ್ಲೇ ಟೆಂಟು ಬಿಚ್ಚುವುದನ್ನು ಕಲಿಯಲು ನನಗೆ ಹಲವು ಬಾರಿ ಬೇಕಾಯಿತು. ಈಗ ಮೊದಲು ಒಳಗೆ ಕೂತೇ ಎಲ್ಲ ಸಾಮಾನನ್ನೂ ನೀರಿಳಿಯದ ಚೀಲದಲ್ಲಿ ತುಂಬಿ ಬೆನ್ನುಚೀಲದೊಳಗೆ ಸೇರಿಸುತ್ತೇನೆ. ನಂತರ ಜಗಲಿಯಲ್ಲಿ ಕೂತು ಒಳಗೂಡಿನ ಕೊಕ್ಕೆಗಳನ್ನು ಕಳಚಿ, ಒಣಗಿರುವಾಗಲೇ ಸುತ್ತಿ ಬೇರೆ ಚೀಲದಲ್ಲಿಡುತ್ತೇನೆ. ನಿಂತಿರುವ ಹೊರಪದರದ ಒಳಮೈಯನ್ನು ನೀರು ಹೀರುವ ಸಣ್ಣ ಬಟ್ಟೆಯಿಂದ ಒರೆಸಿ ಹಿಂಡಿ, ಹೊರಗೆ ಬಂದು, ಚೆನ್ನಾಗಿ ಕೊಡವಿ, ಅದನ್ನು ಬೆನ್ನುಚೀಲದ ಹೊರಜೇಬಿಗೆ ತುರುಕುತ್ತೇನೆ. ಕೊಡವಿದ ಮೇಲೂ ಟೆಂಟಿನ ಒಟ್ಟು ತೂಕ ಒಮ್ಮೆ 1,610 ಗ್ರಾಂ ಬಂದಿತ್ತು, ಅಂದರೆ ಸುಮಾರು ಮುನ್ನೂರೈವತ್ತು ಗ್ರಾಂ ಬರೀ ನೀರು. ಎರಡೂ ಪದರಗಳನ್ನು ಒಟ್ಟಿಗೆ ಸುತ್ತಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಂಜೆಗೆ ಒಳಗೂಡೂ ಒದ್ದೆಯಾಗಿರುತ್ತದೆ. ಮಧ್ಯಾಹ್ನ ಹತ್ತು ನಿಮಿಷ ಬಿಸಿಲು ಕಂಡರೂ ನಾನು ಹೊರಪದರವನ್ನು ಪೊದೆಯ ಮೇಲೆ ಹರವುತ್ತೇನೆ. ಸಿಲಿಕೋನ್ ಬಟ್ಟೆ ಅಷ್ಟರಲ್ಲೇ ಬಹುಪಾಲು ಒಣಗುತ್ತದೆ.

ಮನೆಯಲ್ಲಿ ಇದನ್ನು ಒದ್ದೆಯಾಗಿ ಮಡಚಿಡಬಾರದು. ಬೂಷ್ಟು ಹಿಡಿಯುವುದಲ್ಲದೆ, ನೆಲದ ಪಾಲಿಯುರೆಥೇನ್ ಲೇಪ ತೇವದಲ್ಲಿ ನಿಧಾನವಾಗಿ ಕೆಟ್ಟು ಅಂಟಂಟಾಗುತ್ತದೆ, ಕಮಟು ವಾಸನೆ ಬರುತ್ತದೆ, ಆಮೇಲೆ ಅದನ್ನು ಸರಿಪಡಿಸಲಾಗದು. ನಾನು ನೆರಳಿನಲ್ಲಿ ಎರಡು ದಿನ ಹರವಿ, ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿ ತುಂಬಿಡುತ್ತೇನೆ. ಬಿರುಬಿಸಿಲು ನೈಲಾನಿನ ಬಲವನ್ನು ತಿನ್ನುವುದರಿಂದ ನೆರಳೇ ಒಳ್ಳೆಯದು. ಸಿಲಿಕೋನ್ ಲೇಪದ ಬಟ್ಟೆಗೆ ಸಾಮಾನ್ಯ ಟೇಪು ಹಿಡಿಯದ ಕಾರಣ ಹೊಲಿಗೆಗಳಿಗೆ ಸಿಲಿಕೋನ್ ಅಂಟನ್ನೇ ಹಚ್ಚಬೇಕು. ಈ ವರ್ಷದ ಆರಂಭದಲ್ಲಿ ಕಮಾನಿನ ಮೇಲಿನ ಉದ್ದ ಹೊಲಿಗೆಯಲ್ಲಿ, ತಲೆಯ ಬದಿಗೆ, ನಿಜವಾದ ಸೋರಿಕೆ ಶುರುವಾಯಿತು: ಇಬ್ಬನಿಯ ಹಾಗೆ ಹರಡದೆ, ಒಂದೇ ಗೆರೆಯಲ್ಲಿ, ಒಂದರ ಹಿಂದೊಂದು ಹನಿ. ಟೆಂಟನ್ನು ಬಿಗಿಯಾಗಿ ನಿಲ್ಲಿಸಿ, ಹೊಲಿಗೆಯನ್ನು ಒರೆಸಿ, ತೆಳುಮಾಡಿದ ಸಿಲಿಕೋನನ್ನು ಸಣ್ಣ ಕುಂಚದಿಂದ ಹೊರಬದಿಗೆ ಹಚ್ಚಿ, ಒಂದು ಹಗಲು ಒಂದು ರಾತ್ರಿ ಹಾಗೆಯೇ ಬಿಟ್ಟೆ. ಆ ಬಳಿಕ ಮೂರು ಮಳೆರಾತ್ರಿಗಳು ಕಳೆದಿವೆ, ಆ ಗೆರೆಯಲ್ಲಿ ಮತ್ತೆ ನೀರು ಕಂಡಿಲ್ಲ.