ಇ-ಮುಲಾಕಾತ್ ಸೇವೆ: ಆರೋಪಿಯ ಮನೆಯವರ ಅನುಭವ

ಕೊಲೆ ಆರೋಪದಲ್ಲಿ ನ್ಯಾಯಾಂಗ ಬಂಧನದಲ್ಲಿರುವ ಸೋದರತ್ತೆಯ ಮಗನನ್ನು ಕಾಣಲು ನಮ್ಮ ಮನೆಯವರು ಇ-ಪ್ರಿಸನ್ಸ್ ಜಾಲತಾಣದ ಇ-ಮುಲಾಕಾತ್ ಸೇವೆಯನ್ನು ಬಳಸುತ್ತಿದ್ದೇವೆ. ಭೇಟಿಗೆ ಬರುವವರ ಗುರುತಿನ ಚೀಟಿಯ ವಿವರ, ಕೈದಿಯ ಹೆಸರು, ಕಾರಾಗೃಹ ಮತ್ತು ದಿನಾಂಕವನ್ನು ತುಂಬಿ ಅರ್ಜಿ ಸಲ್ಲಿಸಿದರೆ, ಜೈಲಿನವರ ಒಪ್ಪಿಗೆಯ ನಂತರ ಖುದ್ದಾಗಿ ಇಲ್ಲವೇ ವಿಡಿಯೊ ಮೂಲಕ ಮಾತನಾಡಬಹುದು. ದಿನದ ಕೂಲಿ ಬಿಟ್ಟು ದೂರದ ಊರಿನಿಂದ ಬಸ್ಸು ಹತ್ತಬೇಕಾದವರಿಗೆ ಇದು ದೊಡ್ಡ ಉಪಕಾರ.

ಕಳೆದ ವಿಡಿಯೊ ಭೇಟಿಯಲ್ಲಿ ಅತ್ತೆ ಪ್ರಕರಣದ ಮಾತೇ ಎತ್ತಲಿಲ್ಲ. ಬಿಪಿ ಮಾತ್ರೆ ಸಿಗುತ್ತಿದೆಯೇ, ರಾತ್ರಿ ನಿದ್ದೆ ಬರುತ್ತದೆಯೇ ಎಂದಷ್ಟೇ ವಿಚಾರಿಸಿದರು. ಇಂಥವನ ಬೆನ್ನಿಗೆ ಏಕೆ ನಿಲ್ಲುತ್ತೀರಿ ಎಂದು ಊರಿನವರು ಕೇಳುತ್ತಾರೆ. ಸತ್ತವನ ತಾಯಿಯ ಸಂಕಟವನ್ನು ಅತ್ತೆ ಎಂದೂ ಹಗುರವಾಗಿ ಕಂಡಿಲ್ಲ. ಆದರೆ 2022ರ ಕೊನೆಯಲ್ಲಿ ದೇಶದ ಕೈದಿಗಳಲ್ಲಿ ಶೇ. 75.8ರಷ್ಟು ಮಂದಿ ವಿಚಾರಣಾಧೀನರಾಗಿದ್ದರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಅಂಥವರಿಗಾಗಿ ವಕೀಲರ ಬಳಿ ಅಲೆಯಲು, ಪಹಣಿ ಹಿಡಿದು ನ್ಯಾಯಾಲಯದಲ್ಲಿ ಜಾಮೀನು ನಿಲ್ಲಲು ಹೆತ್ತವರು, ಒಡಹುಟ್ಟಿದವರಲ್ಲದೆ ಬೇರೆ ಯಾರು ಬರುತ್ತಾರೆ? ತಪ್ಪು ಮಾಡಿದ್ದರೆ ಶಿಕ್ಷೆಯಾಗಲಿ, ಅಲ್ಲಿಯವರೆಗೆ ಅವನು ಅನಾಥನಾಗಬಾರದು ಎಂಬ ಅತ್ತೆಯ ನಿಲುವು ನನಗೆ ಸರಿಯೆನಿಸುತ್ತದೆ.

ಕೊರತೆಯೂ ಇದೆ. ನಾವು ಭೇಟಿಗೆ ಹೋಗುವ ಜೈಲಿನಲ್ಲಿ ಅರ್ಜಿ ತಿರಸ್ಕರಿಸಿದರೆ ಕಾರಣ ತಿಳಿಸುವುದಿಲ್ಲ, ವಯಸ್ಸಾದವರು ಮೊಬೈಲ್ ಹಿಡಿದು ಕಾದು ಕುಳಿತಿರುತ್ತಾರೆ. ವಕೀಲರಿಗೆ ಹಣವಿಲ್ಲದ ಕುಟುಂಬಗಳು ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರು ಉಚಿತ ಕಾನೂನು ನೆರವಿಗೆ ಅರ್ಹರು.