ಎಡಮೂಲೆಯ ಜಗಳ: ಎರಡು ಅಲ್ಟ್ರಾವೈಡ್ ಲೆನ್ಸ್‌ಗಳ ಜೊತೆ ಕೆಲವು ವರ್ಷ

ನಾನು ಅಲ್ಟ್ರಾವೈಡ್, ಅಂದರೆ ತೀರಾ ಅಗಲ ನೋಟದ ಲೆನ್ಸ್ ಕೊಂಡಿದ್ದು ಒಂದೇ ಕಾರಣಕ್ಕೆ: ಹೊಯ್ಸಳ ಗುಡಿಗಳ ಒಳಛಾವಣಿ. ನವರಂಗದಲ್ಲಿ (ಗರ್ಭಗುಡಿಯ ಮುಂದಿನ ಕಂಬಗಳ ಮಂಟಪ) ಜಾಗ ಕಡಿಮೆ, ಬೆಳಕು ಇನ್ನೂ ಕಡಿಮೆ. ಎಂಎಂ ಕಡಿಮೆಯಾದಷ್ಟೂ ನೋಟ ಅಗಲ, ಆದರೆ ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್‌ನ 18 ಎಂಎಂನಲ್ಲಿ ಅರ್ಧ ಭುವನೇಶ್ವರಿಯೂ (ಛಾವಣಿಯ ಕೆತ್ತನೆಯ ಅಂಕಣ) ಸಿಗುವುದಿಲ್ಲ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ, ಸಂಬಳದಲ್ಲಿ ಉಳಿಸಿದ ದುಡ್ಡು, ಅಷ್ಟೇ ನನ್ನ ಬಂಡವಾಳ.

ಮೊದಲು ಬಂದದ್ದು ಒಂದು ಥರ್ಡ್ ಪಾರ್ಟಿ (ಕ್ಯಾಮೆರಾ ಕಂಪನಿಯದ್ದಲ್ಲದ) ಎಫ್/2.8 ಜೂಮ್. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಹೆಸರು ಹೇಳುವುದಿಲ್ಲ. ನನ್ನ ಕೈಗೆ ಬಂದ ಪೀಸ್ ಮಾತ್ರ ಹೀಗಿರಬಹುದು, ಸುಮ್ನೆ ಕಂಪನಿಯನ್ನು ಬೈಯುವುದು ಬೇಡ. ಕೈಗೆ ತೆಗೆದುಕೊಂಡರೆ ಗಟ್ಟಿ ಲೋಹ, ಅರ್ಧ ಕಿಲೋಗಿಂತ ಜಾಸ್ತಿ ತೂಕ. ಚಿತ್ರದ ನಡುಭಾಗವಂತೂ ಎಫ್/2.8ರಲ್ಲೇ ಎಷ್ಟು ಶಾರ್ಪ್ ಎಂದರೆ, ಬಳಪದ ಕಲ್ಲಿನ ಮೇಲೆ ಉಳಿದ ಸಣ್ಣ ಉಳಿಗೆರೆಗಳೂ ಕಾಣುತ್ತಿದ್ದವು. ಮೊದಲ ಕೆಲವು ತಿಂಗಳು ಸಿಕ್ಕವರಿಗೆಲ್ಲ ಇದನ್ನೇ ತೋರಿಸಿದೆ.

ಆಮೇಲೆ ಎಡಗಡೆ ಕೆಳಮೂಲೆ ಕಣ್ಣಿಗೆ ಬಿತ್ತು.

ಸೋಮನಾಥಪುರದ ಕೇಶವ ದೇವಾಲಯ 1258ರದ್ದು. ಒಳಗಿನ ಭುವನೇಶ್ವರಿಗಳು ಒಂದರಂತೆ ಇನ್ನೊಂದಿಲ್ಲ. ಬಾಳೆ ಮೊಗ್ಗು ಇಳಿಬಿದ್ದ ಹಾಗೆ ಕೆತ್ತಿದವೂ ಇವೆ. ನಾಲ್ಕೂ ಕಡೆ ಒಂದೇ ಅಳತೆಯ ಕೆತ್ತನೆ ಇರುವುದರಿಂದ ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಚಾರ್ಟ್ ಬೇರೆ ಬೇಕಿಲ್ಲ. ಮೂರು ಮೂಲೆಗಳಲ್ಲಿ ಬಳ್ಳಿಯ ಸುರುಳಿ ಎಣಿಸುವಷ್ಟು ಸ್ಪಷ್ಟ, ನಾಲ್ಕನೆಯದು ಎಣ್ಣೆ ಕೈಯಲ್ಲಿ ಸವರಿದಂತೆ. ಕಲ್ಲೇ ಸವೆದಿದೆಯೋ ಏನೋ ಎಂದು ಕ್ಯಾಮೆರಾವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ತೆಗೆದೆ. ಈಗ ಮಂಜಾಗಿದ್ದು ಎದುರು ಮೂಲೆಯ ಕೆತ್ತನೆ. ಫ್ರೇಮ್‌ನಲ್ಲಿ ಮಾತ್ರ ಅದೇ ಎಡಗಡೆ ಕೆಳಗೆ! ಕಲ್ಲಿನ ತಪ್ಪಲ್ಲ, ಲೆನ್ಸ್‌ನದ್ದೇ. ಒಳಗಿನ ಯಾವುದೋ ಗಾಜು ಕೂದಲೆಳೆಯಷ್ಟು ಸರಿದು ಕೂತಿದೆ, ಇದಕ್ಕೇ ಡೀಸೆಂಟರಿಂಗ್ ಅನ್ನುವುದು. ಇದು ಯಾವ ಸ್ಪೆಕ್ ಶೀಟ್‌ನಲ್ಲೂ ಬರುವುದಿಲ್ಲ. ಎಫ್/11ಕ್ಕೆ ಇಳಿಸಿದರೆ ಮೂಲೆ ಸುಧಾರಿಸುತ್ತದೆ, ಆದರೆ ಅಷ್ಟೊತ್ತಿಗೆ ಡಿಫ್ರಾಕ್ಷನ್ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದು) ಶುರುವಾಗಿ ಇಡೀ ಚಿತ್ರದ ಮೊನಚು ಸ್ವಲ್ಪ ಇಳಿಯುತ್ತದೆ. ರಿಪೇರಿಗೆ ಕೊಟ್ಟರೆ ‘ವಿದಿನ್ ಸ್ಪೆಕ್’ ಎಂಬ ಚೀಟಿ ಅಂಟಿಸಿಕೊಂಡು ವಾಪಸ್ ಬಂತು. ಮೂಲೆ ಹಾಗೇ ಇತ್ತು.

ಆ ಸಿಟ್ಟಿನಲ್ಲಿ ಕೊಂಡಿದ್ದು ಕ್ಯಾನನ್ ಇಎಫ್-ಎಸ್ 10-18. ಸೆಕೆಂಡ್ ಹ್ಯಾಂಡ್. 2014ರಲ್ಲಿ ಬಂದ ಲೆನ್ಸ್, ಕ್ಯಾಮೆರಾಗೆ ಕೂರುವ ಮೌಂಟ್ ಕೂಡ ಪ್ಲಾಸ್ಟಿಕ್, ತೂಕ 240 ಗ್ರಾಂ. ಆ ಭಾರದ ಲೆನ್ಸ್ ಹಿಡಿದು ಅಭ್ಯಾಸವಾದ ಕೈಗೆ ಇದು ಆಟಿಕೆ ಅನ್ನಿಸಿತು. ಫೋಕಸ್ ದೂರ ತೋರಿಸುವ ಡಿಸ್ಟೆನ್ಸ್ ಸ್ಕೇಲ್ ಇಲ್ಲ. 10 ಎಂಎಂನಲ್ಲೇ ಎಫ್/4.5, ಜೂಮ್ ಮಾಡಿದರೆ ಎಫ್/5.6. ಕತ್ತಲ ಗುಡಿಗೆ ಇಂಥದ್ದನ್ನು ಯಾರಾದರೂ ಒಯ್ಯುತ್ತಾರಾ?

ನಾನು ಒಯ್ದೆ, ಈಗಲೂ ಒಯ್ಯುತ್ತಿದ್ದೇನೆ. ಪುರಾತತ್ವ ಇಲಾಖೆಯ ತಾಣಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ. ಕೈಯಲ್ಲೇ ಹಿಡಿಯಬೇಕು. ಎಫ್/2.8ಕ್ಕೂ ಎಫ್/4.5ಕ್ಕೂ ಒಂದೂಕಾಲು ಸ್ಟಾಪ್‌ಗಿಂತ ತುಸು ಜಾಸ್ತಿ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ). ಈ ಲೆನ್ಸ್‌ನಲ್ಲಿ ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸರ್ ನಾಲ್ಕು ಸ್ಟಾಪ್ ಕೊಡುತ್ತದೆ ಎನ್ನುವುದು ಕಂಪನಿಯ ಮಾತು. ಅಷ್ಟು ಬೇಡ, ಉಸಿರು ಬಿಗಿಹಿಡಿದು ಕಂಬಕ್ಕೆ ಭುಜ ಒರಗಿಸಿದರೆ ನನಗೆ ಕಾಲು ಸೆಕೆಂಡ್ ನೆಮ್ಮದಿಯಾಗಿ ಸಿಗುತ್ತದೆ. ಕಲ್ಲು ಅಲುಗಾಡುವುದಿಲ್ಲವಲ್ಲ, ಅಷ್ಟು ಸಾಕು. ಓಡಾಡುವ ಜನ ಮಸುಕಾಗುತ್ತಾರೆ, ಅದಕ್ಕೆ ಮಾತ್ರ ಎಫ್/2.8 ಬೇಕೇ ಬೇಕು.

ಇನ್ನೂ ಖುಷಿ ಕೊಟ್ಟಿದ್ದು ನೆಲದ ಮೇಲೆ ಇಡುವ ಉಪಾಯ. ಸೋಮನಾಥಪುರದಲ್ಲಿ ಪೂಜೆ ನಡೆಯುವುದಿಲ್ಲ, ಹಾಗಾಗಿ ನೆಲದಲ್ಲಿ ಕೂರಲು ತಕರಾರಿಲ್ಲ. ಮೊದಲು ಕೈಯಲ್ಲಿ ಹಿಡಿದು ಭುವನೇಶ್ವರಿಯ ನಡುವಿಗೂ ಅಂಚಿಗೂ ಮಧ್ಯದಲ್ಲಿ ಎಲ್ಲೋ ಫೋಕಸ್ ಮಾಡುತ್ತೇನೆ, ಆಮೇಲೆ ಫೋಕಸ್ ಬದಲಾಗದಂತೆ ಎಂಎಫ್‌ಗೆ (ಮ್ಯಾನ್ಯುಯಲ್ ಫೋಕಸ್) ತಳ್ಳುತ್ತೇನೆ. ಸ್ಟೆಬಿಲೈಸರ್ ಆಫ್. ಸ್ಕ್ರೀನ್ ಮುಚ್ಚಿ ಒಳಮುಖ ಮಾಡಿ, ಮಡಚಿದ ಟವೆಲ್ ಹಾಸಿ, ಕ್ಯಾಮೆರಾವನ್ನು ಬೆನ್ನ ಮೇಲೆ ಮಲಗಿಸುತ್ತೇನೆ. ಎಫ್/8, ಐಎಸ್ಒ 100, ಟೈಮರ್ ಒತ್ತಿ ಫ್ರೇಮ್‌ನಿಂದ ತಲೆ ತಪ್ಪಿಸಿಕೊಳ್ಳಲು ದೂರ ಸರಿಯುವುದು. 10 ಎಂಎಂಗೆ ತಲೆ ಏನು, ಮೊಣಕೈಯೂ ಸಿಕ್ಕಿಬಿಡುತ್ತದೆ! ಒಂದು ತೆಗೆದು, ಎತ್ತಿ ನೋಡಿ, ಕೂದಲೆಳೆಯಷ್ಟು ಸರಿಸಿ ಇನ್ನೊಂದು. ನಡುವಿನ ಮೊಗ್ಗು ಫ್ರೇಮ್‌ನ ನಡುವಿಗೆ ಬರುವವರೆಗೆ ಇದೇ ಆಟ. ಕಾವಲಿನವರು ಒಮ್ಮೆ ಬಂದು ನೋಡಿ, ನಕ್ಕು ಹೋಗುತ್ತಾರೆ.

ಹೀಗೆ ತೆಗೆದ ಚಿತ್ರದಲ್ಲಿ ನಾಲ್ಕೂ ಮೂಲೆ ಸಮ. ನಡುಭಾಗ ಆ ದೊಡ್ಡ ಲೆನ್ಸ್‌ನಷ್ಟು ಮೊನಚಲ್ಲ, ನಿಜ. ಅದು ಪಕ್ಕಪಕ್ಕ ಇಟ್ಟು ನೂರು ಪರ್ಸೆಂಟ್ ಜೂಮ್ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಸವರಿದ ಮೂಲೆ ಗೋಡೆಗೆ ಹಾಕಿದ ಪ್ರಿಂಟ್‌ನಲ್ಲೂ ಕಾಣುತ್ತದೆ.

ಒಂದು ವಿಷಯದಲ್ಲಿ ಎರಡೂ ಲೆನ್ಸ್ ಒಂದೇ. ಸರಳರೇಖೆ ನೆಟ್ಟಗೆ ಇರಬೇಕೆಂದರೆ ಅಂಚಿನ ವಸ್ತು ಹಿಗ್ಗಲೇಬೇಕು. ಬೇಲೂರಿನ ಮದನಿಕೆಯನ್ನು ಮೂಲೆಯಲ್ಲಿಟ್ಟು ತೆಗೆದು ನೋಡಿ, ಪಾಪ, ಸೊಂಟ ಎರಡರಷ್ಟಾಗಿರುತ್ತದೆ. ಇದು ಜ್ಯಾಮಿತಿ, ಎಷ್ಟು ಲಕ್ಷ ಸುರಿದರೂ ಬದಲಾಗುವುದಿಲ್ಲ. ಶಿಲ್ಪಗಳಿಗೆ ನಾನು ಈಗಲೂ 50 ಎಂಎಂ ಹಾಕುತ್ತೇನೆ.

ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ಹೋಗುವವರಿಗೆ 2023ರಲ್ಲಿ ಬಂದ ಕ್ಯಾನನ್ ಆರ್‌ಎಫ್-ಎಸ್ 10-18 ಇದೆ, ಬರೀ 150 ಗ್ರಾಂ. ಹಳೆಯದು ಅಡಾಪ್ಟರ್ ಮೇಲೂ ಕೆಲಸ ಮಾಡುತ್ತದೆ, ಅವಸರ ಬೇಡ. ಅಲ್ಟ್ರಾವೈಡ್ ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅಂಗಡಿಯಲ್ಲೇ ಇಟ್ಟಿಗೆ ಗೋಡೆಗೆ ನೇರ ನಿಂತು ಒಂದು, ಕ್ಯಾಮೆರಾ ತಲೆಕೆಳಗು ಹಿಡಿದು ಇನ್ನೊಂದು ತೆಗೆಯಿರಿ. ನಾಲ್ಕೂ ಮೂಲೆ ನೋಡಿ ಆಮೇಲೆ ದುಡ್ಡು ಕೊಡಿ.

ಆ ಎಫ್/2.8 ಇನ್ನೂ ಬೀರುವಿನಲ್ಲೇ ಇದೆ. ರಾತ್ರಿ ಆಕಾಶಕ್ಕೆ ಆಗಾಗ ಹೊರಬರುತ್ತದೆ, ಎಡಮೂಲೆಯ ನಕ್ಷತ್ರಗಳನ್ನು ಕ್ರಾಪ್ ಮಾಡುತ್ತೇನೆ. ಮಾರೋಣ ಎಂದರೆ ಮೂಲೆಯ ವಿಷಯ ಹೇಳಿಯೇ ಮಾರಬೇಕು. ಹೇಳಿದ ಮೇಲೆ ಯಾರೂ ಎರಡನೇ ಸಲ ಫೋನ್ ಮಾಡುವುದಿಲ್ಲ.