ಮಂಗಳೂರಿನ ಎರಡು ದಿನ, ಉಡುಪಿಯ ನಾಲ್ಕು ಭಾನುವಾರ

ಬರಹಗಳನ್ನು ವೆಬ್‌ಸೈಟಿಗೆ ಹಾಕುವುದನ್ನು ಕಲಿಯಲು ಎರಡು ಕ್ಲಾಸಿಗೆ ಹೋದೆ, ಉಡುಪಿಯದ್ದೇ ನನಗೆ ಹಿಡಿಸಿದ್ದು, ಮೊದಲೇ ಹೇಳಿಬಿಡುತ್ತೇನೆ. ಅದು ಗೊತ್ತಾಗುವ ಮೊದಲು ಮಂಗಳೂರಲ್ಲಿ 4,500 ರೂಪಾಯಿ ಕೊಟ್ಟು ಬಂದಿದ್ದೆ, ಅದೇ ಬೇಜಾರು.

ನನಗೆ ಬೇಕಾಗಿದ್ದು ದೊಡ್ಡದೇನಲ್ಲ. ಹತ್ತು ವರ್ಷದಿಂದ ಯಕ್ಷಗಾನದ ಆಟ ನೋಡಿ ಬಂದು ಬರೆದಿಟ್ಟ ಟಿಪ್ಪಣಿಗಳಿವೆ, ಎಲ್ಲವೂ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅವನ್ನು ಒಂದು ವೆಬ್‌ಸೈಟಿಗೆ ಹಾಕಬೇಕು, ಅಷ್ಟೇ. ಪತ್ತನಾಜೆ, ಅಂದರೆ ಆ ವರ್ಷದ ಆಟಗಳು ಮುಗಿಯುವ ದಿನ, ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಹೇಗೂ ಬಿಡುವು. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ.

ಎಸಿ ಹಾಲ್, ನಲವತ್ತು ಜನ, ಒಳ್ಳೆ ಊಟ. ಮೊಬೈಲಿನಲ್ಲಿ ವಿಡಿಯೋ ಎಡಿಟ್ ಮಾಡುವುದನ್ನು ಚೆನ್ನಾಗಿಯೇ ಹೇಳಿಕೊಟ್ಟರು, ಸುಳ್ಳು ಹೇಳಬಾರದು. ಎರಡನೇ ದಿನ "ನಿಮ್ಮ ಬರಹ ಹಾಕಿ ನೋಡಿ" ಅಂದರು. ನಾನು ನುಡಿ ಫೈಲಿನಿಂದ ಕಾಪಿ ಮಾಡಿ ಪೇಸ್ಟ್ ಮಾಡಿದೆ. ಪರದೆಯ ತುಂಬ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು! ಕನ್ನಡ ಒಂದೂ ಇಲ್ಲ.

ಕಲಿಸುವವರು ಬಂದು ನೋಡಿ, ಫಾಂಟ್ ಇನ್‌ಸ್ಟಾಲ್ ಮಾಡಿ ಸರ್, ಸರಿ ಹೋಗುತ್ತದೆ ಅಂದರು. ನನ್ನ ಲ್ಯಾಪ್‌ಟಾಪಿನಲ್ಲಿ ಫಾಂಟ್ ಇದೆ, ಆದರೆ ಓದುವವರ ಫೋನಿನಲ್ಲಿ ಇರಬೇಕಲ್ವಾ? ಆ ಪ್ರಶ್ನೆಗೆ ಅವರು ನಕ್ಕು, ಸುಮ್ನೆ ಪಕ್ಕದವರ ಹತ್ತಿರ ಹೋದರು. ಉಳಿದ ಹೊತ್ತೆಲ್ಲ ನಾನು ಆ ಗೀಟುಗಳನ್ನೇ ನೋಡುತ್ತಾ ಕೂತಿದ್ದೆ, ಕೊನೆಗೆ ಸರ್ಟಿಫಿಕೇಟ್ ಹಿಡಿದುಕೊಂಡು ಬಸ್ ಹತ್ತಿದೆ.

ಉಡುಪಿಯದ್ದು ನಾಲ್ಕು ಭಾನುವಾರ, ಹತ್ತರಿಂದ ಒಂದು ಗಂಟೆ, ಒಟ್ಟು 1,200. ಏಳೇ ಜನ. ಮೊದಲ ಭಾನುವಾರ ವೆಬ್‌ಸೈಟಿನ ಸುದ್ದಿಯೇ ಇಲ್ಲ, ಬರೀ ಅಕ್ಷರದ ಪಾಠ. ಹಳೆ ನುಡಿ ಫೈಲ್ ಅಂದರೆ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಯುನಿಕೋಡ್ ಅನ್ನುವ, ಎಲ್ಲ ಭಾಷೆಗೂ ಒಂದೇ ಆದ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ ಅದರದ್ದೇ ಸಂಕೇತ ಇರುವುದರಿಂದ ಎಲ್ಲ ಫೋನಿನಲ್ಲೂ ಕಾಣುತ್ತದೆ. ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಹಾಕಿದರೆ ಒಂದು ನಿಮಿಷದ ಕೆಲಸ. ಆದರೆ ಮಧ್ಯೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವಾಗಿ ಕಲಸುಮೇಲೋಗರ ಆಗುತ್ತವೆ, ಹಾಗಾಗಿ ಒಮ್ಮೆ ಕಣ್ಣಾಡಿಸಲೇಬೇಕು. ಕೀಲಿಮಣೆ ಹೊಸದಾಗಿ ಕಲಿಯಬೇಕೇನೋ ಅಂತ ಹೆದರಿದ್ದೆ. ಬೇಕಾಗಲಿಲ್ಲ. ನುಡಿಯ ಅದೇ ಕೀಲಿಮಣೆ ವಿನ್ಯಾಸ ಯುನಿಕೋಡಿನಲ್ಲೂ ನಡೆಯುತ್ತದೆ. ಅದನ್ನು ರೂಪಿಸಿದ ಕೆ.ಪಿ. ರಾವ್ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಅನ್ನುವುದು ಗೊತ್ತಾದಾಗ, ಆ ಎಸಿ ಹಾಲ್ ನೆನಪಾಗಿ ನಗು ಬಂತು.

ಇನ್ನೊಂದು ಉಪಯೋಗದ ವಿಷಯ: ವೆಬ್‌ಸೈಟ್ ಮಾಡುವ ವರ್ಡ್‌ಪ್ರೆಸ್‌ನಲ್ಲಿ ಕನ್ನಡ ತಲೆಬರಹ ಕೊಟ್ಟರೆ ಕೊಂಡಿಯೂ (ಲಿಂಕ್) ಕನ್ನಡದಲ್ಲೇ ಆಗುತ್ತದೆ, ಅದನ್ನು ವಾಟ್ಸಾಪಿಗೆ ಹಾಕಿದಾಗ ಒಂದೊಂದು ಅಕ್ಷರವೂ ಶೇಕಡಾ ಚಿಹ್ನೆ, ಅಂಕಿ ಎಲ್ಲ ಸೇರಿ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಂಡು ಮಾರುದ್ದ ಆಗಬಹುದು, ಗುಣಿತ ಮತ್ತು ಒತ್ತಿನ ಲೆಕ್ಕ ಬೇರೆ. ಪ್ರಕಟಿಸುವ ಮೊದಲೇ ಕೊಂಡಿಯನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿದರೆ ಮುಗಿಯಿತು.

ಫೋಟೋ ಕುಗ್ಗಿಸುವುದನ್ನು ಎರಡೂ ಕಡೆ ಹೇಳಿಕೊಟ್ಟರು.

ಯೂಟ್ಯೂಬ್ ನೋಡಿ ಕಲಿಯಬಹುದಿತ್ತು ಅಂತ ಮಗಳು ಹೇಳುತ್ತಾಳೆ. ಆಟದಲ್ಲಿ ಬೆಳಗಿನವರೆಗೆ ಎಚ್ಚರ ಇರುವ ನನಗೆ ಹತ್ತು ನಿಮಿಷದ ಪಾಠದ ವಿಡಿಯೋ ಹಾಕಿದರೆ ನಿದ್ದೆ.

ಅಂಗಡಿ ಇದೆ, ರೀಲ್ಸ್ ಮಾಡಬೇಕು, ಎರಡು ದಿನದಲ್ಲಿ ಮುಗಿಯಬೇಕು ಅನ್ನುವವರಿಗೆ ಮಂಗಳೂರಿನದ್ದೇ ಸರಿ. ಕನ್ನಡದಲ್ಲಿ ಬರೆಯುವವರು ಹಣ ಕಟ್ಟುವ ಮೊದಲು ಒಂದು ಹಳೆ ನುಡಿ ಫೈಲ್ ತೋರಿಸಿ, ಇದನ್ನು ಏನು ಮಾಡುತ್ತೀರಿ ಅಂತ ಕೇಳಿ. ನನ್ನದು ಹತ್ತೊಂಬತ್ತು ಟಿಪ್ಪಣಿ ಸೈಟಿಗೆ ಹೋಗಿದೆ. ಉಳಿದದ್ದನ್ನು ಮೇಳ ಮತ್ತೆ ಹೊರಡುವುದರೊಳಗೆ ಹಾಕಬೇಕು.